ಉಜ್ಜನಪ್ಪನವರನ್ನು ಹೊರಹಾಕಿದ ಮೇಜಿಗೆ

ವಿದ್ಯಾನಗರ, ಶಿವಮೊಗ್ಗ
ಅಕ್ಟೋಬರ್ ೨೦೦೬

ವರ್ಚುವಲ್ ಟೇಬಲ್‌ಟಾಪ್ ಎಂಬ ನಾಮಧೇಯದ, ಅಂದರೆ ನಮ್ಮ ಭಾಷೆಯಲ್ಲಿ 'ಇಲ್ಲದ ಮೇಜು' ಎಂದು ಕರೆಯಬಹುದಾದ, ಕಂಪ್ಯೂಟರಿನೊಳಗೆ ವಾಸವಾಗಿರುವ ತಂತ್ರಾಂಶ ಮಹೋದಯರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಪಾದಗಳಿಗೆ ನಮಸ್ಕರಿಸೋಣವೆಂದರೆ ಮೇಜಾಗಿದ್ದೂ ತಮಗೆ ಕಾಲುಗಳಿಲ್ಲ. ಆದ್ದರಿಂದ ಮಾನಿಟರಿನ ಮುಂದೆಯೇ ಕೈಮುಗಿದು, ತಾವೂ, ತಮ್ಮನ್ನು ತಯಾರಿಸಿದ ಮಹನೀಯರೂ, ತಮ್ಮ ಉದರದಲ್ಲಿರುವ ಸಮಸ್ತ ದೈತ್ಯರು, ಪಿಶಾಚಿಗಳು ಹಾಗೂ ಬೆಂಕಿಯುಗುಳುವ ಹಾವುಗಳೂ ಕ್ಷೇಮವೆಂದು ಭಾವಿಸಿ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ನಾನು ಶಂಕರನಾರಾಯಣ, ಹೈಸ್ಕೂಲಿನಲ್ಲಿ ಸಂಸ್ಕೃತದ ಮೇಷ್ಟ್ರು. ಪತ್ರ ಉದ್ದವಾದರೆ ಮನ್ನಿಸಬೇಕು. ಸಮಾಸ ಕಲಿಸುವವನು ಚಿಕ್ಕ ವಾಕ್ಯ ಬರೆದರೆ ಸಂಬಳಕ್ಕೆ ಮೋಸ ಮಾಡಿದ ಹಾಗೆ ಅನ್ನಿಸುತ್ತದೆ.

ತಮ್ಮ ಬಳಿ ನಮ್ಮ ಪಾಸ್‌ವರ್ಡುಗಳು ಇರಬಹುದೇ ಹೊರತು ನಮ್ಮ ಪರಿಚಯ ಇರಲಾರದು. ಏಳೆಂಟು ವರ್ಷಗಳ ಹಿಂದೆ ಗಾಂಧಿಬಜಾರಿನ ಹಳೇ ಪೇಪರ್ ಅಂಗಡಿಯಲ್ಲಿ, ಶಬ್ದಮಂಜರಿಯ ಹಳೆಯ ಪ್ರತಿಯೊಂದನ್ನು ಹುಡುಕುತ್ತಿದ್ದ ನನ್ನ ಕೈಗೆ, ಕೊಂಬಿನ ರಾಕ್ಷಸರ ಚಿತ್ರಗಳಿದ್ದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಒಬ್ಬರು ಸೂತ್ರಧಾರರಾಗಿ ಕಥೆ ಹೇಳಬೇಕು, ಉಳಿದವರು ಒಬ್ಬೊಬ್ಬ ವೀರನ ಪಾತ್ರ ವಹಿಸಿ ಆ ಕಥೆಯೊಳಗೆ ನಡೆಯಬೇಕು, ಗೆದ್ದರೋ ಸೋತರೋ ಎಂಬುದನ್ನು ದಾಳ ಹೇಳಬೇಕು, ಇಷ್ಟು ಅದರಲ್ಲಿದ್ದ ಆಟದ ಸಾರ. ಮೊದಲ ಅಧ್ಯಾಯವೇ ಹರಿದುಹೋಗಿದ್ದರಿಂದ ಈ ಆಟವನ್ನು ಯಾಕಾಗಿ ಆಡಬೇಕು ಎನ್ನುವುದು ಮಾತ್ರ ನಮಗೆ ಇವತ್ತಿಗೂ ತಿಳಿದಿಲ್ಲ. ತಿಳಿಯದೆಯೇ ಇಷ್ಟು ವರ್ಷ ಆಡಿದ್ದೇವೆ.

ಭಾನುವಾರಗಳಂದು ನಮ್ಮ ಮನೆಯ ಊಟದ ಮೇಜಿನ ಸುತ್ತ ನಾವು ನಾಲ್ವರು ಸೇರುತ್ತಿದ್ದೆವು. ಸೂತ್ರಧಾರ ನಾನು. ಗಾಂಧಿಬಜಾರಿನಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಚಂದ್ರಶೇಖರಪ್ಪನವರು ಮಾಂತ್ರಿಕ; ಅವರು ಪಿಶಾಚಿಗಳ ಜೊತೆಗೂ ಮೊದಲು ಚೌಕಾಸಿ ಮಾಡಿ, ಅದು ಮುರಿದುಬಿದ್ದರೆ ಮಾತ್ರ ಮಂತ್ರ ಹಾಕುವವರು. ನವುಲೆಯ ಕೃಷಿ ಕಾಲೇಜಿನಲ್ಲಿ ಬೀಜ ಪರೀಕ್ಷೆಯ ಕೆಲಸ ಮಾಡುವ ತನುಜಾ ಬಿಲ್ಲುಗಾರ್ತಿ. ನಾಲ್ಕನೆಯವರು ಭದ್ರಾವತಿಯ ಉಜ್ಜನಪ್ಪನವರು, ಕಬ್ಬಿಣದ ಕಾರ್ಖಾನೆಯ ಫೌಂಡ್ರಿಯಲ್ಲಿ ದುಡಿದು ನಿವೃತ್ತರಾದವರು, ಆಟದಲ್ಲಿ ಸುತ್ತಿಗೆ ಹಿಡಿದ ಕುಳ್ಳ ಕಮ್ಮಾರ. ಹುಣಸೆ ಬೀಜಗಳು ಪಿಶಾಚಿಗಳಾಗಿ, ಚೆಸ್ಸಿನ ಆನೆ ದೈತ್ಯನಾಗಿ, ನನ್ನ ಮದುವೆಯ ಕೋಟಿನಿಂದ ಬಿದ್ದ ಗುಂಡಿಯೊಂದು ಮಾಂತ್ರಿಕನಾಗಿ ಆ ಮೇಜಿನ ಮೇಲೆ ಓಡಾಡುತ್ತಿದ್ದವು. ತಮ್ಮಲ್ಲಿರುವ ಡಿಜಿಟಲ್ ಪುತ್ಥಳಿಗಳ ವೈಭವಕ್ಕೆ ಇದನ್ನು ಹೋಲಿಸುವ ಉದ್ಧಟತನ ನನಗಿಲ್ಲ.

ಉಜ್ಜನಪ್ಪನವರ ಸರದಿ ಬಂತೆಂದರೆ ಉಳಿದ ಮೂವರೂ ಕುರ್ಚಿಗೆ ಒರಗಿ ಕೂರುವುದು ವಾಡಿಕೆ. ಅವರ ಕುಳ್ಳ ಒಂದು ಏಟು ಹೊಡೆಯುವ ಮುಂಚೆ ಸುತ್ತಿಗೆಯ ಕಬ್ಬಿಣ ಯಾವ ಗಣಿಯದು, ಯಾವ ಕುಲುಮೆಯಲ್ಲಿ ಕಾದದ್ದು, ಕಾಸುವಾಗ ಪಾಳಿಯಲ್ಲಿ ಯಾರಿದ್ದರು, ಅವರಲ್ಲಿ ತಮಿಳಿನವರು ಯಾರು, ತೆಲುಗಿನವರು ಯಾರು, ಅವರ ಮಕ್ಕಳ ಮದುವೆ ಎಲ್ಲಿಗಾಯಿತು ಎಂಬುದೆಲ್ಲ ಬರಬೇಕು. ಒಮ್ಮೆ ಚಂದ್ರಶೇಖರಪ್ಪನವರು ನಡುವೆ ಎದ್ದುಹೋಗಿ, ಅಂಗಡಿಗೆ ಬಂದ ಮಾಲು ಇಳಿಸಿಕೊಂಡು ವಾಪಸ್ಸು ಬಂದರೂ ಸುತ್ತಿಗೆ ಇನ್ನೂ ಮೇಲೆಯೇ ಇತ್ತು. ನಾವು ಬೈಯುತ್ತಿದ್ದೆವು, ನಗುತ್ತಿದ್ದೆವು, ಕಾಯುತ್ತಿದ್ದೆವು. ಅವರಿಲ್ಲದೆ ಆಟವನ್ನು ಮುಂದೆ ನಡೆಸಬಹುದು ಎನ್ನುವ ಯೋಚನೆ ಯಾರಿಗೂ ಬಂದದ್ದಿಲ್ಲ.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರ ಮನೆಯವರು, ಉಚ್ಚಂಗಮ್ಮನವರು, ನನಗೆ ಫೋನ್ ಮಾಡಿದರು. "ಬೇಜಾರ್ ಮಾಡ್ಕೋಬೇಡಿ ಮೇಷ್ಟ್ರೇ, ಯಾರೂ ನೋಡಕ್ಕೆ ಬರೋದು ಬೇಡ ಅಂತಿದಾರೆ. ಮಾತು ತೊದಲುತ್ತೆ, ಬಾಯಿ ಸೊಟ್ಟ ಆಗಿದೆ, ಹಿಂಗೆ ಇರೋದನ್ನ ಆಟದೋರು ನೋಡೋದು ಬೇಡ, ಸರಿಹೋದ್ಮೇಲೆ ನಾನೇ ಬರ್ತೀನಿ ಅಂತಿದಾರೆ" ಎಂದರು. ಅರ್ಧ ತಾಸಿನ ದಾರಿಯಲ್ಲಿರುವ ಸ್ನೇಹಿತನ ಮನೆಗೆ ಹೋಗುವ ಹಾಗಿಲ್ಲ ಎಂದರೆ ಎಷ್ಟು ಸಂಕಟವಾಗುತ್ತದೆ ಎನ್ನುವುದನ್ನು ತಮಗೆ ವಿವರಿಸುವುದು ಹೇಗೋ ತಿಳಿಯದು. ನಮ್ಮ ಮೇಜಿನ ಮೇಲೆ ಭಾನುವಾರ ಬರೀ ಊಟ ನಡೆಯತೊಡಗಿತು.

ಆಗ ತನುಜಾ ತಮ್ಮನ್ನು ಕರೆತಂದರು. ಎಲ್ಲರೂ ಅವರವರ ಮನೆಯ ಕಂಪ್ಯೂಟರಿನ ಮುಂದೆ ಕೂತು, ಟೆಲಿಫೋನ್ ತಂತಿಯ ಮೂಲಕ ಒಂದೇ ಮೇಜಿಗೆ ಬರಬಹುದು, ಮಾತಿನ ಬದಲು ಟೈಪ್ ಮಾಡಬಹುದು, ಮುಖ ತೋರಿಸಬೇಕಾಗಿಲ್ಲ ಎಂದು ಅವರು ಹೇಳಿದಾಗ ನನಗೆ ನಂಬಿಕೆಯಾಗಲಿಲ್ಲ. ಆದರೆ ಉಜ್ಜನಪ್ಪನವರು ಒಪ್ಪಿದರು. ಮೊದಲ ಭಾನುವಾರ ತಮ್ಮ ನಕ್ಷೆಯ ಮೇಲೆ ಅವರ ಕುಳ್ಳ ಪ್ರತ್ಯಕ್ಷನಾದ: ಗುಂಗುರು ಗಡ್ಡ, ನೆಟ್ಟನೆಯ ಬಾಯಿ, ಎರಡೂ ಕೈಯಲ್ಲಿ ಎತ್ತಿ ಹಿಡಿದ ಸುತ್ತಿಗೆ. ಆ ಪುಟ್ಟ ಬೊಂಬೆಯನ್ನು ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ ಮನೆಯವಳನ್ನು ಅಡುಗೆಮನೆಯಿಂದ ಕೂಗಿ ಕರೆದು ತೋರಿಸಿದೆ. ಈ ಉಪಕಾರಕ್ಕೆ ನಾನು ತಮಗೆ ಋಣಿ, ಮುಂದೆ ಬರೆಯುವುದನ್ನೆಲ್ಲ ಓದುವಾಗ ಇದೊಂದು ಮಾತನ್ನು ತಾವು ನೆನಪಿಟ್ಟುಕೊಳ್ಳಬೇಕು.

ಸಣ್ಣಪುಟ್ಟ ವಿಷಯಗಳನ್ನು ದೂರೆಂದು ತಿಳಿಯಬಾರದು, ಬರೀ ಮೆಚ್ಚುಗೆ. ನಮ್ಮ ಮಾಂತ್ರಿಕನಿಗೆ ಪಂಚೆ ಉಡಿಸಬೇಕೆಂದು ತಮ್ಮ ಬೊಂಬೆಗಳ ಉಗ್ರಾಣವನ್ನೆಲ್ಲ ಜಾಲಾಡಿದರೂ ಚೂಪು ಟೋಪಿಯವರೇ ಸಿಕ್ಕಿದರು. ಚಂದ್ರಶೇಖರಪ್ಪನವರು ಈಗ ಹುಟ್ಟುಹಬ್ಬದ ಟೋಪಿ ಹಾಕಿಕೊಂಡವರ ಹಾಗೆ ಪಾತಾಳದಲ್ಲಿ ತಿರುಗುತ್ತಿದ್ದಾರೆ. ಕನ್ನಡದಲ್ಲಿ ಬರೆದರೆ ತಾವು ಪ್ರತಿ ಅಕ್ಷರಕ್ಕೂ ಒಂದೊಂದು ಚೌಕ ತೋರಿಸುತ್ತೀರಿ, ಇಷ್ಟೊಂದು ಸಮಾನತೆಯಿಂದ ನಮ್ಮ ಅಕ್ಷರಗಳನ್ನು ಈವರೆಗೆ ಯಾರೂ ನಡೆಸಿಕೊಂಡಿರಲಿಲ್ಲ. ದೈತ್ಯ ಯಾವಾಗ ಬರಬೇಕು ಎನ್ನುವುದನ್ನೂ ತಾವೇ ತೀರ್ಮಾನಿಸುತ್ತೀರಿ, ಸೂತ್ರಧಾರನಿಗೆ ಅಷ್ಟು ಶ್ರಮ ಕಡಿಮೆ. ಮುಂದಿನ ಆವೃತ್ತಿಯಲ್ಲಿ ರಾಹುಕಾಲದಲ್ಲಿ ದೈತ್ಯರು ಹೊರಡದಂತೆಯೂ, ಏಕಾದಶಿಯಂದು ಅವರು ಯಾರನ್ನೂ ತಿನ್ನದಂತೆಯೂ ಏರ್ಪಾಡು ಮಾಡಿದರೆ ನಮ್ಮ ಕಡೆಯ ಗ್ರಾಹಕರಿಗೆ ಅನುಕೂಲವಾಗುತ್ತದೆ.

ಆದರೆ ಮಾನ್ಯರೇ, ತಮ್ಮಲ್ಲಿ ಇನ್ನೊಂದು ನಿಯಮವಿದೆ. ಯಾರಾದರೂ ಕೆಲವು ನಿಮಿಷ ಏನನ್ನೂ ಕಳಿಸದೆ ಸುಮ್ಮನಿದ್ದರೆ ತಾವು ಅವರನ್ನು ಮೇಜಿನಿಂದ ಹೊರಹಾಕಿ, ಅವರ ಬೊಂಬೆಯನ್ನು ಅಳಿಸಿ, ಸರದಿಯನ್ನು ಮುಂದಿನವರಿಗೆ ದಾಟಿಸುತ್ತೀರಿ. ಈ ನಿಯಮವನ್ನು ಸಡಿಲಿಸುವ ಗುಂಡಿ ಎಲ್ಲಿದೆಯೆಂದು ತನುಜಾ ಹುಡುಕದ ಮೂಲೆಯಿಲ್ಲ. ಉಜ್ಜನಪ್ಪನವರು ಎಡಗೈಯ ಒಂದೇ ಬೆರಳಿನಲ್ಲಿ, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿ ಹುಡುಕಿ ಒತ್ತುವವರು. ಅವರು ಒಂದು ವಾಕ್ಯ ಮುಗಿಸಿ ಎಂಟರ್ ಒತ್ತುವ ಹೊತ್ತಿಗೆ ತಾವು ಅವರನ್ನು ಹೊರಗೆ ಕಳಿಸಿ ಆಗಿರುತ್ತಿತ್ತು. ಒತ್ತಿದರೂ ಏನೂ ಅಲುಗದೆ ಇದ್ದಾಗಲೇ ಅವರಿಗೆ ಗೊತ್ತಾಗುತ್ತಿತ್ತು, ಮತ್ತೆ ಮೊದಲಿನಿಂದ ಬಾಗಿಲು ತಟ್ಟಿಕೊಂಡು ಒಳಗೆ ಬರುತ್ತಿದ್ದರು. ಹೊರಹಾಕಿದ ಸುದ್ದಿಯನ್ನು ಉಳಿದವರಿಗೆಲ್ಲ ಸಾರಿ, ಹೊರಗಾದವರಿಗೆ ಮಾತ್ರ ಹೇಳದೆ ಇರುವ ತಮ್ಮ ಸೌಜನ್ಯ ದೊಡ್ಡದು.

ಹೀಗೆ ನಾಲ್ಕಾರು ವಾರ ಆದ ಮೇಲೆ ಉಜ್ಜನಪ್ಪನವರು ಒಂದು ಉಪಾಯ ಕಂಡುಕೊಂಡರು. ಸರದಿ ಬಂದಾಗ "ಹೊಡಿ" ಎಂದಷ್ಟೇ ಬರೆಯತೊಡಗಿದರು. ಪಿಶಾಚಿ ಬಂದರೆ ಹೊಡಿ, ಬಾಗಿಲು ಮುಚ್ಚಿದ್ದರೆ ಹೊಡಿ, ದಾರಿಯಲ್ಲಿ ಸಿಕ್ಕ ಮುದುಕಿ ಕುಶಲ ವಿಚಾರಿಸಿದರೂ ಹೊಡಿ. ಚಂದ್ರಶೇಖರಪ್ಪನವರು ಮೊದಲು ನಕ್ಕರು, ಆಮೇಲೆ ಒಂದು ದಿನ ನನಗೆ ಫೋನ್ ಮಾಡಿ, "ಮೇಷ್ಟ್ರೇ, ಕುಲುಮೆ ವಿಷ್ಯ ಕೇಳಿ ಎಷ್ಟು ದಿನ ಆಯ್ತು ಮಾರಾಯ್ರೇ" ಎಂದರು. ಲಕ್ವ ಅವರ ಮಾತನ್ನು ತೊದಲಿಸಿತ್ತು ಅಷ್ಟೇ, ಅದನ್ನು ಒಂದೇ ಪದಕ್ಕೆ ಇಳಿಸಿದವರು ತಾವು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತಿದೆ, ಆದರೂ ತಮ್ಮನ್ನು ಬಹುವಚನದಲ್ಲೇ ಸಂಬೋಧಿಸುತ್ತಿದ್ದೇನೆ ಎನ್ನುವುದನ್ನು ದಯಮಾಡಿ ಗಮನಿಸಬೇಕು.

ಈಗ ಆಯುಧ ಪೂಜೆಯ ದಿನಕ್ಕೆ ಬರುತ್ತೇನೆ. ಈ ಸಲ ಅದು ಭಾನುವಾರವೇ ಬಂದಿತ್ತು. ಆವತ್ತು ಕಂಪ್ಯೂಟರ್ ಮುಟ್ಟಬಹುದೇ ಎಂಬ ಪ್ರಶ್ನೆ ಎದ್ದಾಗ, ತಾವೇ ತಮ್ಮನ್ನು ಮೇಜು ಎಂದು ಕರೆದುಕೊಂಡಿರುವುದರಿಂದಲೂ, ಮೇಜನ್ನು ಆಯುಧವೆಂದು ಯಾವ ಶಾಸ್ತ್ರವೂ ಹೇಳದಿರುವುದರಿಂದಲೂ ಆಡಬಹುದು ಎಂದು ನಾನೇ ತೀರ್ಪು ಕೊಟ್ಟೆ. ಆದರೆ ಆಟದೊಳಗಿನ ಬಿಲ್ಲು, ಮಂತ್ರದಂಡ, ಸುತ್ತಿಗೆಗಳು ನಿಸ್ಸಂದೇಹವಾಗಿ ಆಯುಧಗಳೇ. ಹಳೆಯ ಮೇಜಿನಲ್ಲಿ ಪ್ರತಿ ವರ್ಷ ಅವಕ್ಕೂ ದಾಳಗಳಿಗೂ ಕುಂಕುಮವಿಟ್ಟು ಪೂಜೆ ಮಾಡುತ್ತಿದ್ದೆವು, ಬಿಡುವುದು ಹೇಗೆ? ಎಲ್ಲರೂ ತಂತಮ್ಮ ಬೊಂಬೆಯ ಕೈಯಿಂದ ಆಯುಧ ಬಿಡಿಸಿ ತಮ್ಮ ನಕ್ಷೆಯ ಈಶಾನ್ಯ ಮೂಲೆಯಲ್ಲಿ ಸಾಲಾಗಿ ಇಟ್ಟರು. ತನುಜಾ ಚಿತ್ರ ಬರೆಯುವ ಸಲಕರಣೆಯಿಂದ ಕೆಂಪು ಚುಕ್ಕೆಗಳನ್ನಿಟ್ಟು, ಒಂದು ದುಂಡನೆಯ ಬೂದುಗುಂಬಳಕಾಯಿಯನ್ನೂ ಬರೆದರು. ಉಜ್ಜನಪ್ಪನವರು ಸುತ್ತಿಗೆಯನ್ನು ಎಲ್ಲರಿಗಿಂತ ಮೊದಲು ಇಟ್ಟಿದ್ದರು. ಆಯುಧ ಪೂಜೆಯ ದಿನ ಕಾರ್ಖಾನೆಯಲ್ಲಿ ನಿಂತ ಯಂತ್ರಗಳಿಗೆ ಕೈಮುಗಿದು ಅಭ್ಯಾಸವಾದವರು.

ನಾನು ಮಂಗಳಾರತಿ ಎಂದು ಟೈಪ್ ಮಾಡುತ್ತಿದ್ದೆ. ಆ ಶುಭ ಮುಹೂರ್ತವನ್ನೇ ಹುಡುಕಿ ತಾವು ದೈತ್ಯನನ್ನು ಕಳಿಸಿದಿರಿ.

ನಮ್ಮ ವೀರರ ಕೈಯಲ್ಲಿ ಏನೂ ಇಲ್ಲ. ಪೂಜೆಗಿಟ್ಟ ಆಯುಧವನ್ನು ಮರುದಿನ ಪೂಜೆ ಬಿಚ್ಚುವವರೆಗೆ ಎತ್ತುವ ಹಾಗಿಲ್ಲ ಎನ್ನುವುದರಲ್ಲಿ ನಾವೆಲ್ಲ ಒಂದೇ ಮಾತು. ಚಂದ್ರಶೇಖರಪ್ಪನವರು ಚೌಕಾಸಿಗೆ ಹೋಗಿ ಒಂದು ಒದೆ ತಿಂದರು. ತನುಜಾ ಓಡಿ ಕಂಬದ ಹಿಂದೆ ಅಡಗಿದರು. ಉಳಿದದ್ದು ಉಜ್ಜನಪ್ಪನವರ ಸರದಿ. "ಹೊಡಿ" ಎಂದು ಬರುತ್ತದೆ ಎಂದುಕೊಂಡೆವು, ಬರಲಿಲ್ಲ. ಕಾದೆವು. ತಾವು ಕಾಯಲಿಲ್ಲ. ಉಜ್ಜನಪ್ಪನವರು ಪ್ರತಿಕ್ರಿಯಿಸುತ್ತಿಲ್ಲ, ಅವರನ್ನು ತೆಗೆದುಹಾಕಲಾಗಿದೆ ಎಂದು ಪ್ರಕಟಣೆ ಹೊರಡಿಸಿದಿರಿ, ಕುಳ್ಳ ಮಾಯವಾದ.

ಸ್ವಲ್ಪ ಹೊತ್ತಿಗೆ ವಾಪಸ್ಸು ಬರುತ್ತಾರೆ ಎಂದು ನೋಡಿದೆವು. ಬರಲಿಲ್ಲ. ಅವರ ಮನೆಗೆ ಫೋನ್ ಮಾಡಿದರೆ ಎಂಗೇಜ್. ಇಂಟರ್ನೆಟ್ಟಿಗೂ ಫೋನಿಗೂ ಇರುವುದು ಒಂದೇ ತಂತಿ. ಮೊಬೈಲು ಅವರ ಮನೆಯಲ್ಲಿಲ್ಲ, ಮಾತಾಡಲು ನಾಚುವವರಿಗೆ ಮೊಬೈಲು ಯಾಕೆ? ಮತ್ತೆ ಮಾಡಿದೆವು, ಮತ್ತೆ ಎಂಗೇಜ್. ಒಮ್ಮೆ ಲಕ್ವ ಹೊಡೆದ ಮನುಷ್ಯ ಉತ್ತರ ಕೊಡದೆ ಹೋದರೆ ಹೊರಗಿನವರ ಮನಸ್ಸು ಎಲ್ಲೆಲ್ಲಿಗೆ ಓಡುತ್ತದೆ ಎಂಬುದನ್ನು ನಾನು ಬರೆಯಲಾರೆ. ಕೊನೆಗೆ ಚಂದ್ರಶೇಖರಪ್ಪನವರು ಫೋನಿನಲ್ಲಿ, "ಬರಬೇಡಿ ಅಂದಿದಾರೆ ಅಂತ ಇಲ್ಲೇ ಕೂತಿರಕ್ಕಾಗುತ್ತಾ? ನಡೀರಿ" ಎಂದು, ದೇವರ ಮುಂದೆ ಪೂಜೆಗಿಟ್ಟಿದ್ದ ಓಮ್ನಿಯ ಕೀಲಿಯನ್ನು ಎತ್ತಿಕೊಂಡು ಹೊರಟೇಬಿಟ್ಟರು. ಚೆಂಡುಹೂವಿನ ಹಾರ, ಬಾಳೆಕಂದು ಸಮೇತ ಆ ವಾಹನ ನವುಲೆಯಲ್ಲಿ ತನುಜಾರನ್ನೂ ವಿದ್ಯಾನಗರದಲ್ಲಿ ನನ್ನನ್ನೂ ಹತ್ತಿಸಿಕೊಂಡು ಭದ್ರಾವತಿಯ ಕಡೆಗೆ ಹಾರಿತು.

ಬಾಗಿಲು ತೆಗೆದ ಉಚ್ಚಂಗಮ್ಮನವರು ನಮ್ಮನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು. "ಮೆತ್ತಗೆ ಬನ್ನಿ. ಆಟದಲ್ಲಿದಾರೆ. ಮೇಷ್ಟ್ರು, ತನುಜಮ್ಮ, ಎಲ್ಲಾ ನನಗೋಸ್ಕರ ಕಾಯ್ತಾ ನಿಂತಿದಾರೆ, ಮಾತಾಡಿಸ್ಬೇಡ ಅಂದ್ರು" ಎಂದರು. ಹಾಗೆಂದ ಮೇಲೆ ಅವರಿಗೇ ನಾವು ಯಾರು ಎನ್ನುವುದು ಹೊಳೆದು, ಸೆರಗು ಬಾಯಿಗೆ ಹಿಡಿದು ಪಕ್ಕಕ್ಕೆ ಸರಿದರು.

ಉಜ್ಜನಪ್ಪನವರು ನಮಗೆ ಬೆನ್ನು ಮಾಡಿ ಕಂಪ್ಯೂಟರಿನ ಮುಂದೆ ಕೂತಿದ್ದರು. ತಾವು ಅವರನ್ನು ಹೊರಹಾಕಿ ಆಗಲೇ ಒಂದು ತಾಸು ಕಳೆದಿತ್ತು, ಆದರೆ ಅವರ ಪರದೆಯ ಮೇಲೆ ಹೊರಹಾಕುವ ಮೊದಲಿನ ಚಿತ್ರ ಹಾಗೆಯೇ ನಿಂತುಹೋಗಿತ್ತು. ಕುಳ್ಳ ಅಲ್ಲಿದ್ದ. ಒದೆ ತಿಂದ ಮಾಂತ್ರಿಕ, ಕಂಬದ ಹಿಂದಿನ ಬಿಲ್ಲುಗಾರ್ತಿ, ಎತ್ತಿದ ಕಾಲನ್ನು ಕೆಳಗಿಡದ ದೈತ್ಯ, ಎಲ್ಲರೂ ಅವರ ಮಾತಿಗಾಗಿ ಕಾಯುತ್ತಿದ್ದರು. ಕೆಳಗಿನ ಪೆಟ್ಟಿಗೆಯಲ್ಲಿ ಅವರು ಎಷ್ಟೋ ವಾರಗಳ ಮೇಲೆ ಉದ್ದವಾಗಿ ಬರೆಯುತ್ತಿದ್ದರು, ಆಯುಧ ಮುಟ್ಟಬೇಡಿ ಎಂದು ಶುರುವಾಗಿ, ಬೂದುಗುಂಬಳಕಾಯಿ ಇದೆಯಲ್ಲ ಎನ್ನುವವರೆಗೆ ಬಂದಿತ್ತು.

ಹೆಜ್ಜೆಯ ಸದ್ದಿಗೆ ಅವರು ತಿರುಗಿದರು. ನಮ್ಮನ್ನು ನೋಡಿದರು, ಪರದೆಯಲ್ಲಿದ್ದ ನಮ್ಮನ್ನು ನೋಡಿದರು. ಎಡಗೈ ಒಮ್ಮೆ ಬಾಯನ್ನು ಮುಚ್ಚಿಕೊಳ್ಳಲು ಮೇಲೆ ಹೋಯಿತು, ಅರ್ಧಕ್ಕೆ ನಿಂತು ಕೀಬೋರ್ಡಿಗೇ ವಾಪಸ್ಸಾಯಿತು. "ಕೂತ್ಕಳಿ ಮೇಷ್ಟ್ರೇ" ಎಂದರು ತೊದಲುತ್ತ, "ನಂದಿನ್ನೂ ಮುಗಿದಿಲ್ಲ."

ನಾವು ಕೂತೆವು. ಅವರು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಆ ಬೂದುಗುಂಬಳಕಾಯಿಯನ್ನು ಹೊತ್ತು ಕುಳ್ಳ ಗೋಡೆ ಹತ್ತಬೇಕು, ಕಾರ್ಖಾನೆಯಲ್ಲಿ ಗೇಟಿನ ಮುಂದೆ ಒಡೆಯುವ ಹಾಗೆ ಮೂರು ಸಲ ಇಳಿ ತೆಗೆದು ದೈತ್ಯನ ನೆತ್ತಿಯ ಮೇಲೆ ಒಡೆಯಬೇಕು; ಕುಂಬಳಕಾಯಿ ಆಯುಧವಲ್ಲವಾದ್ದರಿಂದ ಪೂಜೆಗೂ ಭಂಗವಿಲ್ಲ, ದೃಷ್ಟಿಯೂ ಹೋಗುತ್ತದೆ, ದೈತ್ಯನೂ ಹೋಗುತ್ತಾನೆ. ನಡುವೆ ಗೇಟಿನ ಹತ್ತಿರ ಕುಂಬಳಕಾಯಿ ಒಡೆಯುತ್ತಿದ್ದವರು ಯಾರು, ಅವರ ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ ಎನ್ನುವುದೂ ಬಂತು. ಚಂದ್ರಶೇಖರಪ್ಪನವರು ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಕೊನೆಗೆ ಅವರು ಎಂಟರ್ ಒತ್ತಿದರು. ನಿರೀಕ್ಷೆಯಂತೆ ತಾವು ಅಲುಗಾಡಲಿಲ್ಲ. "ಏನಾಯ್ತು ಮೇಷ್ಟ್ರೇ?" ಎಂದು ಅವರು ನನ್ನ ಕಡೆ ತಿರುಗಿದರು. ಬಹಳ ದಿನಗಳ ಮೇಲೆ ಸೂತ್ರಧಾರನ ಕೆಲಸ ನನಗೆ ಸಿಕ್ಕಿತ್ತು. "ದೈತ್ಯ ಸತ್ತ, ಉಜ್ಜನಪ್ಪನವರೇ" ಎಂದೆ. "ದಾಳ ಹಾಕದೇನಾ?" ಎಂದು ಕೇಳಿದರು. "ಇವತ್ತು ದಾಳಾನೂ ಮುಟ್ಟೋ ಹಾಗಿಲ್ಲ" ಎಂದೆ. ಅವರು ನಕ್ಕರು, ಸೊಟ್ಟ ಬಾಯಿ ಇನ್ನಷ್ಟು ಸೊಟ್ಟವಾಯಿತು, ಅದನ್ನು ಅವರು ಮರೆಮಾಡಲಿಲ್ಲ. ಅಂದಿನಿಂದ ಭಾನುವಾರ ನಾವೇ ಭದ್ರಾವತಿಗೆ ಹೋಗಿ ಅವರ ಮಗ್ಗುಲಲ್ಲಿ ಕೂರುತ್ತಿದ್ದೇವೆ; ತಮ್ಮನ್ನೂ ಕೈಬಿಟ್ಟಿಲ್ಲ, ಆ ಕುಳ್ಳನ ಮೇಲೆ ಅವರಿಗೆ ಅಷ್ಟು ಮಮತೆ.

ಈಗ ನನ್ನ ಮನವಿ. ಹೊರಹಾಕಿದವರ ಪರದೆಯಲ್ಲಿ ಹಳೆಯ ಚಿತ್ರ ಉಳಿದುಬಿಡುವುದು ತಮ್ಮಲ್ಲಿರುವ ಒಂದು ದೋಷವೆಂದೂ, ಮುಂದಿನ ಆವೃತ್ತಿಯಲ್ಲಿ ಅದನ್ನು ಸರಿಪಡಿಸಿ ಪರದೆ ತಕ್ಷಣ ಕಪ್ಪಾಗುವಂತೆ ಮಾಡಲಾಗುವುದೆಂದೂ ತಮ್ಮ ಪ್ರಕಟಣೆಯಲ್ಲಿ ಓದಿದೆ. ದಯವಿಟ್ಟು ಸರಿಪಡಿಸಬೇಡಿ. ತಮ್ಮ ನಿಯಮಗಳಲ್ಲಿ ಒಂದೂ ಮಾಡದ ಒಳ್ಳೆಯ ಕೆಲಸವನ್ನು ತಮ್ಮ ಆ ದೋಷ ಮಾಡಿತು. ನಾವು ಎದ್ದುಹೋದ ಮೇಲೂ ನಮ್ಮ ಬೊಂಬೆಗಳು ಅವರಿಗಾಗಿ ನಿಂತಿದ್ದವು, ಆ ಒಂದು ತಾಸಿನಲ್ಲಿ ಉಜ್ಜನಪ್ಪನವರಿಗೆ ಯಾರೂ ಅವಸರ ಮಾಡಲಿಲ್ಲ. ಅವರ ಮಾತು ಅವರಿಗೆ ವಾಪಸ್ಸು ಸಿಕ್ಕಿದ್ದು ಹಾಗೆ.

ಕುರ್ಚಿಗೆ ಒರಗಿ ಕೂತಿರುವ,
ತಮ್ಮ ವಿಶ್ವಾಸಿ,
ಶಂಕರನಾರಾಯಣ

ವಿ.ಸೂ.: ತಮ್ಮ ಸೇವೆ ಹೇಗಿತ್ತೆಂದು ಒಂದು ವಾಕ್ಯದಲ್ಲಿ ತಿಳಿಸಬೇಕೆಂದು ತಾವು ಕಳಿಸಿದ್ದ ಪ್ರಶ್ನೆ ತಲುಪಿದೆ. ಉಜ್ಜನಪ್ಪನವರು ಮೊನ್ನೆಯಿಂದ ಉತ್ತರ ಟೈಪ್ ಮಾಡುತ್ತಿದ್ದಾರೆ, ಸದ್ಯಕ್ಕೆ ಮೇಜುಗಳಾದ ತಮ್ಮ ಮನೆತನದ ಹಿನ್ನೆಲೆಯವರೆಗೆ ಬಂದಿದೆ. ಏಳಬೇಡಿ, ಅಲ್ಲೇ ಕೂತಿರಿ.